ಎನ್‌ಬಿಎ ಹಳೆಯ ಕಡತದಿಂದ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾತ್ರಿ ಪಂದ್ಯ ನಮಗೆ ಬೆಳಗಿನ ಜಾವದ ಆಟ. ಹಾಗಾಗಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ನೋಡುವ ಕನ್ನಡಿಗರಲ್ಲಿ ಎರಡು ಪಂಗಡ: ಅಲಾರಂ ಇಟ್ಟು ಏಳುವವರು ಮತ್ತು ಕೆಲಸಕ್ಕೆ ಹೋಗುವಾಗ ಮೊಬೈಲಿನಲ್ಲಿ ಹೈಲೈಟ್ಸ್ ನೋಡುವವರು. ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ದಾಖಲೆಯ ಅಂಕಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಆ ಅಂಕಿ ಹುಟ್ಟಿದ ಸಂದರ್ಭದ ಮೇಲೆಯೇ ನನಗೆ ಒಲವು ಜಾಸ್ತಿ, ಅದಕ್ಕೆ ಕೆಲವು ಉತ್ತರ ಉದ್ದವಾಗಿವೆ.

ಒಬ್ಬನೇ ಆಟಗಾರ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದದ್ದು ನಿಜವೇ? ವಿಡಿಯೋ ಯಾಕಿಲ್ಲ?

ನಿಜ. 1962ರ ಮಾರ್ಚ್ 2ರಂದು ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಸರಿಯಾಗಿ 100 ಅಂಕ ಗಳಿಸಿದರು. ಪಂದ್ಯ ನಡೆದದ್ದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಚಾಕೊಲೇಟ್ ಕಾರ್ಖಾನೆಯ ಊರಿನಲ್ಲಿ. ಆ ಕಾಲದಲ್ಲಿ ತಂಡಗಳು ಹೊಸ ಪ್ರೇಕ್ಷಕರನ್ನು ಹುಡುಕಿಕೊಂಡು ಸುತ್ತಲಿನ ಸಣ್ಣ ಊರುಗಳಲ್ಲೂ ತಮ್ಮ ತವರಿನ ಪಂದ್ಯ ಆಡುತ್ತಿದ್ದವು. ಅಧಿಕೃತ ಲೆಕ್ಕದ ಪ್ರಕಾರ ಅಂದು ಬಂದವರು 4,124 ಜನ. ಟಿವಿ ಪ್ರಸಾರ ಇರಲಿಲ್ಲ, ಯಾರೂ ಚಿತ್ರೀಕರಿಸಲೂ ಇಲ್ಲ. ಉಳಿದಿರುವುದು ಕೊನೆಯ ಕ್ವಾರ್ಟರ್‌ನ ರೇಡಿಯೋ ವಿವರಣೆ ಮತ್ತು ವಾರಿಯರ್ಸ್‌ನ ಪ್ರಚಾರಾಧಿಕಾರಿ ಹಾರ್ವಿ ಪೊಲಾಕ್ 100 ಎಂದು ಗೀಚಿಕೊಟ್ಟ ಕಾಗದವನ್ನು ವಿಲ್ಟ್ ಹಿಡಿದು ಕೂತ ಆ ಪ್ರಸಿದ್ಧ ಫೋಟೋ.

ಕೊನೆಯ ನಿಮಿಷಗಳಲ್ಲಿ ಆಟ ಆಟವಾಗಿ ಉಳಿದಿರಲಿಲ್ಲ ಎನ್ನುವುದನ್ನು ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಚೆಂಡು ವಿಲ್ಟ್ ಕೈಗೆ ಹೋಗದಿರಲಿ ಎಂದು ನಿಕ್ಸ್‌ನವರು ಬೇಕೆಂದೇ ಬೇರೆ ಆಟಗಾರರ ಮೇಲೆ ಫೌಲ್ ಮಾಡತೊಡಗಿದರು. ಚೆಂಡು ಬೇಗ ವಾಪಸ್ ಸಿಗಲಿ ಎಂದು ವಾರಿಯರ್ಸ್‌ನವರು ನಿಕ್ಸ್ ಮೇಲೆ ಫೌಲ್ ಮಾಡಿದರು. ಗೆಲುವು ಸೋಲು ಎಂದೋ ತೀರ್ಮಾನವಾಗಿತ್ತು (ಅಂತಿಮ ಅಂಕ 169-147). ಉಳಿದದ್ದು ಒಬ್ಬನ ಲೆಕ್ಕ ಮಾತ್ರ. ಇದರಿಂದ ಸಾಧನೆ ಸಣ್ಣದಾಯಿತೇ? ನನಗೆ ಹಾಗನ್ನಿಸುವುದಿಲ್ಲ. ದೂರದ ಎಸೆತಕ್ಕೆ ಎರಡರ ಬದಲು ಮೂರು ಅಂಕ ಕೊಡುವ ಗೆರೆಯೇ ಇಲ್ಲದ ಕಾಲದಲ್ಲಿ 63 ಬಾರಿ ಎಸೆದು 36 ಬುಟ್ಟಿಗೆ ಹಾಕಿದ ಮನುಷ್ಯ ಆತ. ಆ ಇಡೀ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ. ಆಡಿದ ಸರಾಸರಿ ಸಮಯ 48.5 ನಿಮಿಷ. ಪಂದ್ಯ ಇರುವುದೇ 48 ನಿಮಿಷ, ಉಳಿದದ್ದು ಅಂಕ ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿಯಾದ ಓವರ್‌ಟೈಮ್‌ನ ಕೊಡುಗೆ.

ಫ್ರೀ ಥ್ರೋದಲ್ಲಿ ವಿಲ್ಟ್ ಕಳಪೆ ಅಂತಾರಲ್ಲ? ಆ ರಾತ್ರಿ ಹೇಗೆ ನಿಭಾಯಿಸಿದರು?

ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ಅಡ್ಡ ಬರದ ಎಸೆತವೇ ಫ್ರೀ ಥ್ರೋ. ಆ ರಾತ್ರಿ ವಿಲ್ಟ್ 32ರಲ್ಲಿ 28 ಹಾಕಿದರು. ಗುಟ್ಟು ಇಷ್ಟೇ: ಆ ವರ್ಷ ಅವರು ಚೆಂಡನ್ನು ಎರಡೂ ಕೈಯಲ್ಲಿ ಮೊಣಕಾಲ ನಡುವೆ ಹಿಡಿದು ಕೆಳಗಿನಿಂದ ಮೇಲಕ್ಕೆ ಎಸೆಯುತ್ತಿದ್ದರು. ಕೆಲಸಕ್ಕೆ ಬಂದ ವಿಧಾನವನ್ನೇ ಆಮೇಲೆ ಬಿಟ್ಟುಬಿಟ್ಟರು. ಹಾಗೆ ಎಸೆಯುವುದಕ್ಕೆ ನಾಚಿಕೆಯಾಗುತ್ತಿತ್ತು ಎಂದು ಮುಂದೆ ಅವರೇ ಒಪ್ಪಿಕೊಂಡರು. ವೃತ್ತಿಜೀವನದ ಕೊನೆಗೆ ಅವರ ಫ್ರೀ ಥ್ರೋ ಸಾಫಲ್ಯ ಶೇಕಡ 51. ಅದೇ ವಿಧಾನವನ್ನು ಯಾರು ನಕ್ಕರೂ ಬಿಡದ ರಿಕ್ ಬ್ಯಾರಿಯದು ಎನ್‌ಬಿಎಯಲ್ಲಿ ಶೇಕಡ 89ಕ್ಕೂ ಮೇಲೆ, ಜೊತೆಗೆ 1975ರಲ್ಲಿ ಗೋಲ್ಡನ್ ಸ್ಟೇಟ್ ಪರ ಒಂದು ಚಾಂಪಿಯನ್‌ಶಿಪ್. ಇವತ್ತಿಗೂ ಫ್ರೀ ಥ್ರೋ ಬಾರದ ಏಳಡಿ ಆಟಗಾರರಿದ್ದಾರೆ. ಕೆಳಗಿನಿಂದ ಎಸೆಯುವ ಧೈರ್ಯವನ್ನು ಹೆಚ್ಚುಕಡಿಮೆ ಯಾರೂ ಮಾಡುವುದಿಲ್ಲ.

24 ಸೆಕೆಂಡಿನ ಗಡಿಯಾರ ಎಲ್ಲಿಂದ ಬಂತು? 20 ಅಥವಾ 30 ಯಾಕಲ್ಲ?

ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕು ಎಂಬ ನಿಯಮ ಇದು. ಇದರ ಕತೆಯನ್ನು ಎರಡು ಬೇಸರದ ಪಂದ್ಯಗಳಿಂದ ಶುರು ಮಾಡಬೇಕು.

1950ರ ನವೆಂಬರ್ 22. ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್‌ಗೆ ಹೋಗಿತ್ತು. ಆಗ ಅಲ್ಲಿದ್ದ ಲೇಕರ್ಸ್ ತಂಡದ ಜಾರ್ಜ್ ಮೈಕನ್ ಆ ಕಾಲದ ದೈತ್ಯ, ಅವರನ್ನು ತಡೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಪಿಸ್ಟನ್ಸ್ ಕಂಡುಕೊಂಡ ಉಪಾಯ: ಚೆಂಡನ್ನು ಕೊಡಲೇಬಾರದು. ಇಂತಿಷ್ಟು ಹೊತ್ತಿನೊಳಗೆ ಎಸೆಯಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ ಚೆಂಡು ಹಿಡಿದು ಸುಮ್ಮನೆ ನಿಂತರು. ಪ್ರೇಕ್ಷಕರು ಕೂಗಾಡಿದರು, ಇವರು ಜಗ್ಗಲಿಲ್ಲ. ಕೊನೆಗೆ ಪಿಸ್ಟನ್ಸ್ 19, ಲೇಕರ್ಸ್ 18. ಆ 18ರಲ್ಲಿ 15 ಮೈಕನ್ ಒಬ್ಬರದೇ. ಎನ್‌ಬಿಎ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಅಂಕದ ಪಂದ್ಯ ಇಲ್ಲ. ಎರಡು ತಿಂಗಳು ಕಳೆಯುವ ಮೊದಲೇ, 1951ರ ಜನವರಿ 6ರಂದು, ಇಂಡಿಯಾನಾಪೊಲಿಸ್ ಮತ್ತು ರಾಚೆಸ್ಟರ್ ತಂಡಗಳು ಆರು ಓವರ್‌ಟೈಮ್ ಆಡಿದವು. ಕೇಳಲು ರೋಮಾಂಚಕ, ಆದರೆ ಪ್ರತಿ ಓವರ್‌ಟೈಮ್‌ನಲ್ಲೂ ಚೆಂಡು ಸಿಕ್ಕ ತಂಡ ಕೊನೆಯ ಒಂದು ಎಸೆತಕ್ಕಾಗಿ ಕಾಯುತ್ತ ನಿಲ್ಲುವುದೇ ಆಟವಾಗಿತ್ತು. ಆರು ಓವರ್‌ಟೈಮ್ ಆದ ಮೇಲೂ ಫಲಿತಾಂಶ 75-73.

ಇದಕ್ಕೆ ಮದ್ದು ಅರೆದವರು ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್. ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ಬೌಲಿಂಗ್ ಆಟದ ಅಂಗಡಿ ನಡೆಸುತ್ತಿದ್ದವರು. ಅವರ ಲೆಕ್ಕ ಕೈಬೆರಳಲ್ಲಿ ಎಣಿಸುವಷ್ಟು ಸರಳ. ತಮಗೆ ಖುಷಿಕೊಟ್ಟ ಪಂದ್ಯಗಳಲ್ಲಿ ಒಂದೊಂದು ತಂಡ ಸುಮಾರು 60 ಬಾರಿ ಎಸೆಯುತ್ತಿತ್ತು, ಎರಡೂ ಸೇರಿ 120. ಪಂದ್ಯದ 48 ನಿಮಿಷ ಎಂದರೆ 2,880 ಸೆಕೆಂಡು. ಭಾಗಿಸಿದರೆ 24. ಇಷ್ಟೇ ಇದರ ಹಿಂದಿನ ವಿಜ್ಞಾನ.

1954-55ರಲ್ಲಿ ನಿಯಮ ಜಾರಿಗೆ ಬಂತು, ತಂಡಗಳ ಸರಾಸರಿ 79.5ರಿಂದ ಒಂದೇ ಏಟಿಗೆ 93.1ಕ್ಕೆ ಏರಿತು. ಆ ವರ್ಷ ಚಾಂಪಿಯನ್ ಆದದ್ದು ಬಿಯಾಸೋನ್ ಅವರ ಸಿರಾಕ್ಯೂಸ್. ಫೈನಲ್ಸ್‌ನ ಏಳನೇ ಪಂದ್ಯದಲ್ಲಿ 92-91ರಿಂದ ಅವರು ಸೋಲಿಸಿದ್ದು ಯಾರನ್ನು? ಚೆಂಡು ಹಿಡಿದು ನಿಂತಿದ್ದ ಅದೇ ಫೋರ್ಟ್ ವೇನ್ ಪಿಸ್ಟನ್ಸ್ ತಂಡವನ್ನು.

ಹಾಗಾದರೆ ಅತಿ ಹೆಚ್ಚು ಅಂಕದ ಪಂದ್ಯ ಯಾವುದು?

1983ರ ಡಿಸೆಂಬರ್ 13, ಡೆನ್ವರ್. ಪಿಸ್ಟನ್ಸ್ 186, ನಗೆಟ್ಸ್ 184, ಮೂರು ಓವರ್‌ಟೈಮ್. ಹೌದು, ಅದೇ ಪಿಸ್ಟನ್ಸ್. 1957ರಲ್ಲಿ ಡೆಟ್ರಾಯಿಟ್‌ಗೆ ಸ್ಥಳಾಂತರವಾಗಿದ್ದರು. 19 ಅಂಕ ಹೊಡೆದು ಗೆದ್ದ ದಾಖಲೆಯೂ 186 ಹೊಡೆದು ಗೆದ್ದ ದಾಖಲೆಯೂ ಒಂದೇ ಸಂಸ್ಥೆಯ ಖಾತೆಯಲ್ಲಿವೆ. ಡೆನ್ವರ್‌ನ ಕಿಕಿ ವ್ಯಾಂಡವೇ 51 ಅಂಕ ಹೊಡೆದೂ ಸೋತರು. ಇವತ್ತಿನ ಕಣ್ಣಿಗೆ ನಂಬಲಾಗದ್ದು ಇನ್ನೊಂದಿದೆ: ಒಟ್ಟು 370 ಅಂಕಗಳಲ್ಲಿ ಮೂರು ಅಂಕದ ಎಸೆತ ಬಿದ್ದದ್ದು ಎರಡೇ, ತಂಡಕ್ಕೆ ಒಂದರಂತೆ.

ಮೂರು ಅಂಕದ ಗೆರೆ ಎನ್‌ಬಿಎ ಕಂಡುಹಿಡಿದದ್ದೇ?

ಅಲ್ಲ. ಎದುರಾಳಿ ಲೀಗ್ ಎಬಿಎ 1967ರಿಂದಲೇ ಅದನ್ನು ಬಳಸುತ್ತಿತ್ತು. ಅದಕ್ಕೂ ಮೊದಲು ಅಲ್ಪಾಯುಷಿಯಾದ ಇನ್ನೊಂದು ಲೀಗ್‌ನಲ್ಲೂ ಇತ್ತು. ಎನ್‌ಬಿಎ ಅದನ್ನು ಸರ್ಕಸ್ ಎಂದು ಮೂಗು ಮುರಿದು, 1979-80ರಲ್ಲಿ ಒಪ್ಪಿಕೊಂಡಿತು. ಬಾಸ್ಟನ್ ಸೆಲ್ಟಿಕ್ಸ್‌ನ ಕ್ರಿಸ್ ಫೋರ್ಡ್ 1979ರ ಅಕ್ಟೋಬರ್ 12ರಂದು ಹೊಡೆದದ್ದನ್ನು ಮೊದಲನೆಯದೆಂದು ಪರಿಗಣಿಸುತ್ತಾರೆ. 2015-16ರಲ್ಲಿ ಸ್ಟೀಫನ್ ಕರಿ ಒಬ್ಬರೇ ಒಂದು ಋತುವಿನಲ್ಲಿ 402 ಹೊಡೆದರು. ದೈತ್ಯ ಶಕೀಲ್ ಓನೀಲ್ ಇಡೀ ವೃತ್ತಿಜೀವನದಲ್ಲಿ ಹೊಡೆದದ್ದು ಒಂದು.

ಎಬಿಎ ಮುಚ್ಚಿದ ಮೇಲೂ ಅದರ ಒಂದು ತಂಡದ ಮಾಲೀಕರು ದಶಕಗಟ್ಟಲೆ ದುಡ್ಡು ಎಣಿಸಿದರಂತೆ?

ಕ್ರೀಡಾ ವ್ಯವಹಾರದಲ್ಲಿ ಇದಕ್ಕೆ ಸಮನಾದ ಒಪ್ಪಂದವನ್ನು ನಾನು ಓದಿಲ್ಲ. 1976ರಲ್ಲಿ ಎಬಿಎಯ ನಾಲ್ಕು ತಂಡಗಳು ಎನ್‌ಬಿಎ ಸೇರಿದವು: ನಗೆಟ್ಸ್, ಪೇಸರ್ಸ್, ನೆಟ್ಸ್, ಸ್ಪರ್ಸ್. ಹೊರಗುಳಿದವರಿಗೆ ಪರಿಹಾರ ಕೊಡಬೇಕಿತ್ತು. ಕೆಂಟಕಿ ತಂಡದ ಮಾಲೀಕರು ಸುಮಾರು 30 ಲಕ್ಷ ಡಾಲರ್ ತೆಗೆದುಕೊಂಡು ಹೊರನಡೆದರು. ಸ್ಪಿರಿಟ್ಸ್ ಆಫ್ ಸೇಂಟ್ ಲೂಯಿಸ್ ತಂಡದ ಒಡೆಯರಾದ ಸಿಲ್ನಾ ಸಹೋದರರು ಮಾತ್ರ ಬೇರೆ ಪಟ್ಟು ಹಿಡಿದರು: 22 ಲಕ್ಷ ಡಾಲರ್ ನಗದು, ಜೊತೆಗೆ ಸೇರಿಕೊಂಡ ನಾಲ್ಕೂ ತಂಡಗಳ ಟಿವಿ ಆದಾಯದಲ್ಲಿ ಏಳನೇ ಒಂದು ಪಾಲು, ಎನ್‌ಬಿಎ ಇರುವ ತನಕ.

ಆಗ ಬ್ಯಾಸ್ಕೆಟ್‌ಬಾಲ್‌ಗೆ ಟಿವಿಯಿಂದ ಬರುತ್ತಿದ್ದದ್ದು ಚಿಲ್ಲರೆ ಕಾಸು, ಆದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಒಣಗಿದ ತೆಂಗಿನ ತೋಟ ಬಿಟ್ಟುಕೊಡುವಾಗ ಕಾಯಿಯಲ್ಲಿ ಏಳನೇ ಪಾಲು ಎಂದು ಪತ್ರ ಬರೆಸಿಕೊಂಡ ಹಾಗೆ. ಆಮೇಲೆ ಆ ತೋಟಕ್ಕೆ ಕಾಲುವೆ ನೀರು ಬಂತು. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್, ಮೈಕಲ್ ಜೋರ್ಡನ್‌ರಂಥ ತಾರೆಯರು ಬಂದರು, ಟಿವಿ ಹಕ್ಕಿನ ಬೆಲೆ ಗಗನಕ್ಕೇರಿತು. ಒಂದೂ ಪಂದ್ಯ ಆಡದ, ಆಟಗಾರರೇ ಇಲ್ಲದ ತಂಡಕ್ಕೆ ವರ್ಷ ವರ್ಷ ಚೆಕ್ ಹೋಗುತ್ತಲೇ ಇತ್ತು. 2014ರಲ್ಲಿ 50 ಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡು ಎನ್‌ಬಿಎ ಆ ಪಾಲಿನ ಬಹುಭಾಗವನ್ನು ಬಿಡಿಸಿಕೊಂಡಿತು.

ಡಂಕ್ ಮಾಡಿ (ಹಾರಿ ಚೆಂಡನ್ನು ಬುಟ್ಟಿಯೊಳಗೆ ಕೈಯಾರೆ ತುರುಕಿ) ಬುಟ್ಟಿಯ ಹಿಂದಿನ ಗಾಜಿನ ಬೋರ್ಡ್ ಒಡೆದವರು ಯಾರು? ಈಗ ಯಾಕೆ ಒಡೆಯುವುದಿಲ್ಲ?

ಮೊದಲು ಒಡೆದದ್ದು ಡಂಕ್‌ನಿಂದಲ್ಲ. 1946ರ ನವೆಂಬರ್ 5, ಬಾಸ್ಟನ್ ಸೆಲ್ಟಿಕ್ಸ್‌ನ ಮೊಟ್ಟಮೊದಲ ತವರು ಪಂದ್ಯ. ಆಟ ಶುರುವಾಗುವ ಮೊದಲೇ, ಅಭ್ಯಾಸದ ಎಸೆತದಲ್ಲಿ, ಚಕ್ ಕಾನರ್ಸ್ ಬೋರ್ಡ್ ಪುಡಿ ಮಾಡಿದರು. ಅವರು ಆಮೇಲೆ ಬೇಸ್‌ಬಾಲ್ ಆಡಿದರು, ಅದೂ ಸಾಲದೆಂದು ಟಿವಿಯಲ್ಲಿ ಬಂದೂಕು ಹಿಡಿದ ಕೌಬಾಯ್ ನಾಯಕನಾಗಿ ಮನೆಮಾತಾದರು.

ಈ ವಿದ್ಯೆಯನ್ನು ಕಲೆಯಾಗಿಸಿದವರು ಫಿಲಡೆಲ್ಫಿಯಾದ ಡ್ಯಾರಿಲ್ ಡಾಕಿನ್ಸ್. 1979ರ ನವೆಂಬರ್ 13ರಂದು ಕನ್ಸಾಸ್ ಸಿಟಿಯಲ್ಲಿ ಒಂದು, ಮೂರು ವಾರ ಕಳೆದು ತವರಿನಲ್ಲಿ ಇನ್ನೊಂದು. ಮೊದಲನೆಯ ಡಂಕ್‌ಗೆ ಅವರೇ ಇಟ್ಟ ಹೆಸರು ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದ. ಕೆಳಗೆ ನಿಂತು ಗಾಜಿನ ಮಳೆ ಕಂಡ ಎದುರಾಳಿ ಬಿಲ್ ರಾಬಿನ್ಝೈನ್ ಹೆಸರೂ ಅದರೊಳಗಿತ್ತು. ಲೀಗ್ ದಂಡದ ಎಚ್ಚರಿಕೆ ಕೊಟ್ಟಿತು. ನಿಜವಾದ ಪರಿಹಾರ ಬಂದದ್ದು ಬಾಗಿ ಮತ್ತೆ ನೆಟ್ಟಗಾಗುವ ರಿಂಗ್‌ನಿಂದ, 1981ರಲ್ಲಿ. ಅಂಥ ರಿಂಗ್ ತಯಾರಿಸಿದವರಲ್ಲಿ ಒಬ್ಬರಾದ ಆರ್ಥರ್ ಎರಾಟ್ ಇಲಿನಾಯ್‌ನ ಧಾನ್ಯದ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಬಳಸಿದ್ದು ಹೊಲ ಉಳುವ ಕಲ್ಟಿವೇಟರ್‌ನ ಸ್ಪ್ರಿಂಗ್.

ಒಂದೇ ಪಂದ್ಯದಲ್ಲಿ ಒಬ್ಬ ಆಟಗಾರ ಎರಡೂ ತಂಡಗಳಿಗೆ ಆಡಿದ್ದು ಹೇಗೆ ಸಾಧ್ಯ?

ಸಾಧ್ಯವಾಗಿದೆ, ಕಾಗದದ ಮೇಲೂ ಅಂಗಳದಲ್ಲೂ. 1978ರ ನವೆಂಬರ್ 8ರಂದು ನ್ಯೂಜೆರ್ಸಿ ನೆಟ್ಸ್ ಮತ್ತು ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಆಡುತ್ತಿದ್ದರು. ರೆಫರಿ ಸಿಟ್ಟಿನಲ್ಲಿ ನೆಟ್ಸ್‌ನ ಬರ್ನಾರ್ಡ್ ಕಿಂಗ್‌ಗೂ ಕೋಚ್ ಕೆವಿನ್ ಲಾಫ್ರಿಗೂ ಅಶಿಸ್ತಿಗಾಗಿ ಕೊಡುವ ಟೆಕ್ನಿಕಲ್ ಫೌಲ್ ಮೂರು ಮೂರು ಕೊಟ್ಟರು. ನಿಯಮದ ಪ್ರಕಾರ ಎರಡಾಗುತ್ತಲೇ ಹೊರಗೆ ಕಳಿಸಬೇಕು, ಮೂರನೆಯದಕ್ಕೆ ಜಾಗವೇ ಇಲ್ಲ. ಸೋತ ನೆಟ್ಸ್ ದೂರು ಕೊಟ್ಟರು, ಲೀಗ್ ಒಪ್ಪಿತು. ಮೂರನೇ ಕ್ವಾರ್ಟರ್‌ನ ನಡುವಿನಿಂದ ಪಂದ್ಯವನ್ನು ಮತ್ತೆ ಆಡಬೇಕೆಂದು 1979ರ ಮಾರ್ಚ್ 23ಕ್ಕೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಇದೇ ಎರಡು ತಂಡಗಳು ತಮ್ಮತಮ್ಮಲ್ಲೇ ಆಟಗಾರರನ್ನು ಅದಲುಬದಲು ಮಾಡಿಕೊಂಡಿದ್ದವು! ಎರಿಕ್ ಮನಿ ನೆಟ್ಸ್‌ನಿಂದ ಫಿಲಡೆಲ್ಫಿಯಾಗೆ ಬಂದಿದ್ದರು. ಹಾರ್ವಿ ಕ್ಯಾಚಿಂಗ್ಸ್ ಮತ್ತು ರಾಲ್ಫ್ ಸಿಂಪ್ಸನ್ ನೆಟ್ಸ್‌ಗೆ ಹೋಗಿದ್ದರು. ಹೀಗೆ ಮೂವರ ಹೆಸರೂ ಒಂದೇ ಸ್ಕೋರ್ ಪಟ್ಟಿಯ ಎರಡೂ ಬದಿಯಲ್ಲಿ ಬಂತು. ಮನಿಯಂತೂ ಎರಡೂ ತಂಡಕ್ಕೆ ಅಂಕ ಗಳಿಸಿದರು. ಇಷ್ಟೆಲ್ಲ ಆದ ಮೇಲೂ ನೆಟ್ಸ್ ಸೋತರು.

ಒಳಾಂಗಣದ ಪಂದ್ಯ ಮಳೆಯಿಂದ ನಿಂತದ್ದುಂಟೇ?

ಉಂಟು. 1986ರ ಜನವರಿ 5, ಸಿಯಾಟಲ್. ಮಾಡು ಸೋರಿ ನೆಲ ಒದ್ದೆಯಾಗಿ ಸೂಪರ್‌ಸಾನಿಕ್ಸ್ ಮತ್ತು ಫೀನಿಕ್ಸ್ ಸನ್ಸ್ ಪಂದ್ಯವನ್ನು ಮರುದಿನಕ್ಕೆ ಮುಂದೂಡಿದರು. ಬಾವಲಿಯೂ ಬಂದದ್ದುಂಟು: 2009ರ ಅಕ್ಟೋಬರ್ 31ರಂದು ಸ್ಯಾನ್ ಆಂಟೋನಿಯೊದ ಮನು ಜಿನೊಬಿಲಿ ಹಾರುತ್ತಿದ್ದ ಬಾವಲಿಯನ್ನು ಬರಿಗೈಯಲ್ಲಿ ಹೊಡೆದುರುಳಿಸಿ ಹೀರೋ ಆದರು, ಆಮೇಲೆ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಂಡರು.

ಸೋತ ತಂಡದ ಆಟಗಾರನಿಗೆ ಫೈನಲ್ಸ್ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದೆಯೇ?

ಒಂದೇ ಒಂದು ಸಲ, 1969ರಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್‌ನ ಜೆರಿ ವೆಸ್ಟ್‌ಗೆ. ಆ ಪ್ರಶಸ್ತಿ ಶುರುವಾದದ್ದೂ ಆ ವರ್ಷವೇ.

ಬಾಸ್ಟನ್ ವಿರುದ್ಧ ಏಳನೇ ಪಂದ್ಯ ಲೇಕರ್ಸ್ ತವರಿನಲ್ಲಿತ್ತು. ಗೆದ್ದೇ ಗೆಲ್ಲುತ್ತೇವೆಂದು ಮಾಲೀಕ ಜ್ಯಾಕ್ ಕೆಂಟ್ ಕುಕ್ ಮಾಡಿನ ಕೆಳಗೆ ಸಾವಿರಾರು ಬಲೂನು ಕಟ್ಟಿಸಿದರು. ಗೆದ್ದ ಮೇಲೆ ಬಲೂನು ಹೇಗೆ ಬೀಳುತ್ತವೆ, ಯಾವ ಬ್ಯಾಂಡ್ ಬಾರಿಸುತ್ತದೆ ಎಂದು ಕಾರ್ಯಕ್ರಮದ ಕರಪತ್ರವೂ ಅಚ್ಚಾಯಿತು. ಅದರ ಒಂದು ಪ್ರತಿ ಬಾಸ್ಟನ್‌ನ ಬಿಲ್ ರಸೆಲ್ ಕೈಸೇರಿತು. ರಸೆಲ್ ಆಗ ಆಟಗಾರರೂ ಹೌದು, ಕೋಚ್ ಕೂಡ. ಅದಕ್ಕಿಂತ ಒಳ್ಳೆಯ ಹುರಿದುಂಬಿಸುವ ಭಾಷಣ ಅವರಿಗೆ ಬೇಕಿರಲಿಲ್ಲ. ವೆಸ್ಟ್ 42 ಅಂಕ, 13 ರಿಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿದದ್ದು), 12 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಮಾಡಿದರು. ಕೊನೆಯ ಕ್ವಾರ್ಟರ್‌ನಲ್ಲಿ ಮೊಣಕಾಲು ನೋವೆಂದು ಹೊರಗೆ ಹೋದ ವಿಲ್ಟ್ ಚೇಂಬರ್ಲಿನ್ ಮತ್ತೆ ಬರುತ್ತೇನೆಂದರೂ ಕೋಚ್ ಒಳಗೆ ಬಿಡಲಿಲ್ಲ. ಡಾನ್ ನೆಲ್ಸನ್ ಎಸೆದ ಚೆಂಡು ರಿಂಗ್‌ನ ಹಿಂಬದಿಗೆ ಬಡಿದು ಎತ್ತರಕ್ಕೆ ಚಿಮ್ಮಿ ನೇರ ಬುಟ್ಟಿಯೊಳಗೆ ಬಿತ್ತು. ಬಾಸ್ಟನ್ 108-106. ರಸೆಲ್‌ಗೆ 13 ವರ್ಷಗಳಲ್ಲಿ 11ನೇ ಪ್ರಶಸ್ತಿ; ಅದೇ ಅವರ ಕೊನೆಯ ಪಂದ್ಯ.

ಎನ್‌ಬಿಎ ಲಾಂಛನದಲ್ಲಿ ಚೆಂಡು ಪುಟಿಸುತ್ತ ಓಡುವ ಬಿಳಿ ಆಕೃತಿ ಇದೆಯಲ್ಲ, ಅದು ಇದೇ ವೆಸ್ಟ್. ಅವರ ಫೋಟೋ ನೋಡಿಯೇ ಬರೆದದ್ದೆಂದು ವಿನ್ಯಾಸಕಾರ ಅಲನ್ ಸೀಗಲ್ ಹೇಳಿದ್ದಾರೆ.

ಲೇಕರ್ಸ್ ಎಂದು ಹೆಸರಿಟ್ಟಿದ್ದಾರೆ, ಲಾಸ್ ಏಂಜಲೀಸ್‌ನಲ್ಲಿ ಕೆರೆ ಎಲ್ಲಿದೆ?

ಕೆರೆಗಳಿರುವುದು ಮಿನೆಸೋಟಾದಲ್ಲಿ. ತಂಡ 1960ರಲ್ಲಿ ಮಿನಿಯಾಪೊಲಿಸ್ ಬಿಟ್ಟು ಬಂತು, ಹೆಸರು ಬಿಡಲಿಲ್ಲ. ಯೂಟಾದ ಜ್ಯಾಝ್ ಕೂಡ ಹಾಗೆಯೇ. ಸಂಗೀತದ ಊರು ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ತಂಡ 1979ರಲ್ಲಿ ಸಾಲ್ಟ್ ಲೇಕ್ ಸಿಟಿಗೆ ಹೋಯಿತು. ಇಬ್ಬರೂ ಹೆಸರು ಬದಲಿಸಿಕೊಂಡಿದ್ದರೆ ಸರಿಹೋಗುತ್ತಿತ್ತು.

ಅಂದ ಹಾಗೆ, ಲೇಕರ್ಸ್ ಎಂಬ ತಂಡವೇ ಉಳಿಯದಿರುವ ಸಂಭವವಿತ್ತು. ಸ್ಥಳಾಂತರದ ಆ ವರ್ಷವೇ, ಜನವರಿ 18ರಂದು, ಸೇಂಟ್ ಲೂಯಿಸ್‌ನಿಂದ ಮರಳುತ್ತಿದ್ದ ಅವರ ಡಿಸಿ-3 ವಿಮಾನಕ್ಕೆ ಹಿಮಬಿರುಗಾಳಿಯಲ್ಲಿ ವಿದ್ಯುತ್ ಕೈಕೊಟ್ಟಿತು. ಪೈಲಟ್ ಅಯೋವಾದ ಕ್ಯಾರಲ್ ಎಂಬ ಊರಿನ ಮೆಕ್ಕೆಜೋಳದ ಹೊಲದಲ್ಲಿ ಇಳಿಸಿದರು. ಎಲ್ಜಿನ್ ಬೇಲರ್ ಸೇರಿ ಎಲ್ಲರೂ ಬದುಕಿದರು.

ಮೈಕಲ್ ಜೋರ್ಡನ್‌ರನ್ನು ಎರಡು ತಂಡಗಳು ಬೇಡವೆಂದದ್ದು ಯಾಕೆ?

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1984ರಲ್ಲಿ, ಹ್ಯೂಸ್ಟನ್ ಮೊದಲು ಹಕೀಮ್ ಒಲಜುವಾನ್‌ರನ್ನು ಆರಿಸಿತು. ಅದರಲ್ಲಿ ತಪ್ಪೇನಿಲ್ಲ, ಅವರು 1994 ಮತ್ತು 1995ರಲ್ಲಿ ಎರಡು ಪ್ರಶಸ್ತಿ ತಂದುಕೊಟ್ಟರು. ಎಲ್ಲರೂ ಇವತ್ತಿಗೂ ಬೈಯುವುದು ಪೋರ್ಟ್‌ಲ್ಯಾಂಡನ್ನು. ಜೋರ್ಡನ್ ಆಡುವ ಜಾಗದಲ್ಲೇ ಅವರ ಬಳಿ ಆಗಲೇ ಕ್ಲೈಡ್ ಡ್ರೆಕ್ಸ್ಲರ್ ಇದ್ದರು, ಎತ್ತರದ ಸೆಂಟರ್ ಬೇಕಿತ್ತು, ಸ್ಯಾಮ್ ಬೋವಿಯನ್ನು ತೆಗೆದುಕೊಂಡರು. ತರ್ಕ ಸರಿಯಾಗಿಯೇ ಇತ್ತು. ಬೋವಿಯ ಕಾಲಿನ ಮೂಳೆ ಮತ್ತೆ ಮತ್ತೆ ಮುರಿಯಿತು.

ಜೋರ್ಡನ್ ಬಗ್ಗೆ ಕಡಿಮೆ ಜನಕ್ಕೆ ಗೊತ್ತಿರುವುದು: 1990ರ ಫೆಬ್ರುವರಿ 14ರಂದು ಒರ್ಲಾಂಡೊದಲ್ಲಿ ಅವರ 23ರ ಜೆರ್ಸಿ ಕಳುವಾಯಿತು. ಹೆಸರಿಲ್ಲದ 12ನೇ ನಂಬರಿನ ಅಂಗಿ ತೊಟ್ಟು 49 ಅಂಕ ಹೊಡೆದರು, ಅವರ ತಂಡ ಚಿಕಾಗೊ ಬುಲ್ಸ್ ಸೋತಿತು. ಇನ್ನು 1997ರ ಜೂನ್ 11ರ ‘ಜ್ವರದ ಪಂದ್ಯ’. ಯೂಟಾದಲ್ಲಿ ನಿಲ್ಲಲೂ ಆಗದ ಸ್ಥಿತಿಯಲ್ಲಿ 38 ಅಂಕ ಹೊಡೆದು 90-88ರಿಂದ ಗೆಲ್ಲಿಸಿದರಲ್ಲ, ಅದು ಜ್ವರವೇ ಅಲ್ಲ, ಹಿಂದಿನ ರಾತ್ರಿ ತಿಂದ ಪಿಜ್ಜಾದ ಫಲ ಎನ್ನುತ್ತಾರೆ ಅವರ ತರಬೇತುದಾರ.

ಅತಿ ಗಿಡ್ಡ, ಅತಿ ಎತ್ತರ?

5 ಅಡಿ 3 ಇಂಚಿನ ಮಗ್ಸಿ ಬೋಗ್ಸ್ ಅತಿ ಗಿಡ್ಡ. 7 ಅಡಿ 7 ಇಂಚಿನ ಮನೂಟ್ ಬೋಲ್ ಮತ್ತು ಘಿಯೋರ್ಘೆ ಮುರೆಸಾನ್ ಅತಿ ಎತ್ತರ. 1987-88ರಲ್ಲಿ ಬೋಗ್ಸ್ ಮತ್ತು ಬೋಲ್ ವಾಷಿಂಗ್ಟನ್ ಪರ ಒಟ್ಟಿಗೆ ಆಡಿದರು.

ಕೊನೆಯ ಕ್ಷಣದಲ್ಲಿ ಅತಿ ವೇಗವಾಗಿ ಅಂಕ ಹೊಡೆದವರು ರೆಜಿ ಮಿಲ್ಲರೋ ಟ್ರೇಸಿ ಮೆಕ್‌ಗ್ರೇಡಿಯೋ?

1995ರ ಮೇ 7ರಂದು ನ್ಯೂಯಾರ್ಕ್‌ನಲ್ಲಿ ಮಿಲ್ಲರ್ 9 ಸೆಕೆಂಡಿನೊಳಗೆ 8 ಅಂಕ. 2004ರ ಡಿಸೆಂಬರ್ 9ರಂದು ಸ್ಯಾನ್ ಆಂಟೋನಿಯೊ ವಿರುದ್ಧ ಮೆಕ್‌ಗ್ರೇಡಿ ಕೊನೆಯ 35 ಸೆಕೆಂಡಿನಲ್ಲಿ 13 ಅಂಕ, ಹ್ಯೂಸ್ಟನ್ 81-80. ವೇಗ ಮಿಲ್ಲರ್‌ದು, ಮೊತ್ತ ಮೆಕ್‌ಗ್ರೇಡಿಯದು. ನನ್ನ ಮತ ಮಿಲ್ಲರ್‌ಗೆ: ಅದು ಪ್ಲೇಆಫ್, ಪರಊರು, ಮೇಲಾಗಿ ಎದುರಾಳಿ ಒಳಗೆ ಎಸೆಯುತ್ತಿದ್ದ ಚೆಂಡನ್ನು ಕದ್ದು, ಎರಡು ಅಂಕಕ್ಕೆ ಹೋಗುವ ಬದಲು ಗೆರೆಯಾಚೆ ಹಿಂದೆ ಸರಿದು ಮೂರು ಹೊಡೆದ ಪುಂಡತನ.

ಭಾರತೀಯರು ಯಾರಾದರೂ ಎನ್‌ಬಿಎ ಆಡಿದ್ದಾರೆಯೇ?

ಪಂಜಾಬಿನ ಬಲ್ಲೋ ಕೇ ಹಳ್ಳಿಯ ಸತ್ನಾಮ್ ಸಿಂಗ್ ಭಾಮರಾರನ್ನು 2015ರಲ್ಲಿ ಡಲ್ಲಾಸ್ 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದವರಲ್ಲಿ ಅವರೇ ಮೊದಲು, ಆದರೆ ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ; ಆಮೇಲೆ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಗೆ ಇಳಿದರು. ಅಂಗಳಕ್ಕೆ ಇಳಿದ ಮೊದಲ ಭಾರತೀಯ ಮೂಲದವರು ಕೆನಡಾದ ಸಿಮ್ ಭುಲ್ಲರ್, ಅದೇ 2015ರ ಏಪ್ರಿಲ್‌ನಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ಪರ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಮುಂದಾಳತ್ವದ ತಂಡ ಅದು. 2019ರ ಅಕ್ಟೋಬರ್‌ನಲ್ಲಿ ಅದೇ ಕಿಂಗ್ಸ್ ಮುಂಬೈಗೆ ಬಂದು ಇಂಡಿಯಾನಾ ಪೇಸರ್ಸ್ ಜೊತೆ ಎರಡು ಪ್ರದರ್ಶನ ಪಂದ್ಯ ಆಡಿತು. ಮೊದಲನೆಯದು ಓವರ್‌ಟೈಮ್‌ಗೆ ಹೋಗಿ ಪೇಸರ್ಸ್ 132-131ರಿಂದ ಗೆದ್ದರು. ಗ್ಯಾಲರಿ ತುಂಬ ಶಾಲಾ ಮಕ್ಕಳು.

ವೃತ್ತಿಪರ ಆಟದ ಮಾತಲ್ಲವಾದರೂ ನಮ್ಮೂರಿನದೊಂದು ಸೇರಿಸುತ್ತೇನೆ: 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಎರಡನೇ ವಿಭಾಗದ ಫೈನಲ್‌ನಲ್ಲಿ ಕಝಾಕಸ್ತಾನವನ್ನು 75-73ರಿಂದ ಸೋಲಿಸಿದರು.

ಹಳೆಯ ಪಂದ್ಯ ಪೂರ್ತಿ ನೋಡಬೇಕೆಂದರೆ ಯಾವುದರಿಂದ ಶುರು ಮಾಡಲಿ?

2013ರ ಫೈನಲ್ಸ್‌ನ ಆರನೇ ಪಂದ್ಯ, ಜೂನ್ 18, ಮಯಾಮಿ. ಸರಣಿಯಲ್ಲಿ ಸ್ಪರ್ಸ್ 3-2ರಿಂದ ಮುಂದಿದ್ದರು. 28 ಸೆಕೆಂಡು ಉಳಿದಾಗ ಪಂದ್ಯದಲ್ಲಿ ಐದು ಅಂಕ ಮುಂದು. ಪ್ರಶಸ್ತಿ ಸಮಾರಂಭಕ್ಕಾಗಿ ಅಂಗಳದ ಸುತ್ತ ಹಳದಿ ಹಗ್ಗ ತರಲು ಸಿಬ್ಬಂದಿ ಶುರು ಮಾಡಿದ್ದರು. ಅಂತರ ಮೂರಕ್ಕೆ ಇಳಿದ ಮೇಲೆ ಲೆಬ್ರಾನ್ ಜೇಮ್ಸ್ ಎಸೆದ ಮೂರು ಅಂಕದ ಚೆಂಡು ತಪ್ಪಿತು, ಕ್ರಿಸ್ ಬಾಷ್ ಅದನ್ನು ಹಿಡಿದು ಮೂಲೆಗೆ ಕೊಟ್ಟರು. ರೇ ಆಲನ್ ಗೆರೆಯನ್ನು ನೋಡದೆಯೇ ಹಿಂದಕ್ಕೆ ಹೆಜ್ಜೆ ಹಾಕಿ, ಕಾಲು ಸರಿಯಾಗಿ ಗೆರೆಯಾಚೆಗೆ ಇಟ್ಟು ಎಸೆದರು. 5.2 ಸೆಕೆಂಡು ಉಳಿದಿತ್ತು, 95-95. ಓವರ್‌ಟೈಮ್‌ನಲ್ಲಿ ಮಯಾಮಿ 103-100, ಎರಡು ದಿನ ಬಿಟ್ಟು ಏಳನೇ ಪಂದ್ಯವನ್ನೂ ಗೆದ್ದು ಚಾಂಪಿಯನ್. ಸೋತೆವೆಂದು ಮೊದಲೇ ಎದ್ದುಹೋಗಿದ್ದ ಮಯಾಮಿ ಅಭಿಮಾನಿಗಳು ಓಡಿ ಬಂದು ಬಾಗಿಲು ಬಡಿದರು. ಒಮ್ಮೆ ಹೊರಗೆ ಹೋದವರಿಗೆ ಮತ್ತೆ ಪ್ರವೇಶವಿಲ್ಲ ಎಂದು ಟಿಕೆಟ್ ನಿಯಮ. ಕಾವಲಿನವರು ಬಾಗಿಲು ತೆರೆಯಲಿಲ್ಲ.